ಸಬ್ಸಿಡಿ ಇಲ್ಲದ ಕೆಂಡಗಲ್ಲು

ಕೆಂಡಗಲ್ಲಿನ ಬಿಸಿಲಿನ ಬಗ್ಗೆ ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ನಂಬಿದವರು ಈ ಕಡೆ ತಲೆ ಹಾಕುವುದಿಲ್ಲ. ತುಂಗಭದ್ರೆಗೂ ಕೃಷ್ಣೆಗೂ ನಡುವೆ ಸಿಕ್ಕಿಕೊಂಡಿರುವ ಈ ಊರಿನಲ್ಲಿ ಬೇಸಿಗೆಯ ಮಟಮಟ ಮಧ್ಯಾಹ್ನ ಮನುಷ್ಯರ ನೆರಳುಗಳು ಯಜಮಾನರನ್ನು ನಡುಬೀದಿಯಲ್ಲೇ ಕೈಬಿಟ್ಟು ಯಾವುದಾದರೂ ಕಟ್ಟೆಯ ಕೆಳಗೆ ಹೋಗಿ ಮಲಗುತ್ತಿದ್ದವು. ಮಾಳಿಗೆಯ ಮೇಲೆ ಹಸಿ ಹಪ್ಪಳ ಹರವಿದವರು ಸಂಜೆಗೆ ಸುಟ್ಟ ಹಪ್ಪಳವನ್ನೇ ಡಬ್ಬಿಗೆ ತುಂಬುತ್ತಿದ್ದರು. ಇದೆಲ್ಲ ಹಳೆಯ ಕಾಲದ, ತಂಪಾದ ದಿನಗಳ ಮಾತು. ಈಗ ತೊಟ್ಟಿಲಲ್ಲಿರುವ ಕೂಸುಗಳು ಮೊಮ್ಮಕ್ಕಳನ್ನು ಎತ್ತಿ ಆಡಿಸುವ ಹೊತ್ತಿಗೆ, ಅಂದರೆ ಈ ಕಥೆ ನಡೆಯುವ ಹೊತ್ತಿಗೆ, ಬಿಸಿಲು ಚೆನ್ನಾಗಿ ಬಲಿತಿತ್ತು.

ಇಂಥ ಊರಿನ ನಗರಸಭೆಯ ನೆಲಮಾಳಿಗೆಯಲ್ಲಿ ಇನ್ನೊಂದು ಕೆಂಡಗಲ್ಲು ಇತ್ತು. ಕಲ್ಯಾಣಮಂಟಪದಷ್ಟು ದೊಡ್ಡ ಗಾಜಿನ ತೊಟ್ಟಿ, ಅದರೊಳಗೆ ಬರೀ ಬೆಳಕಿನಿಂದ ಕಟ್ಟಿದ ಪುಟ್ಟ ಊರು. ಬಸ್‌ಸ್ಟ್ಯಾಂಡು, ಮಠ, ಮಸೀದಿ, ಪಾನ್ ಡಬ್ಬಿ, ಸಂತೆಬೀದಿ ಎಲ್ಲವೂ ಅಲ್ಲಿದ್ದವು. ಊರಿನ ಒಬ್ಬೊಬ್ಬರಿಗೂ ಜೋಳದ ಕಾಳಿನಷ್ಟು ಒಂದು ಬೆಳಕಿನ ಮನುಷ್ಯ. ಜನ ಅದನ್ನು ಗಾಜಿನೂರು ಎನ್ನುತ್ತಿದ್ದರು. ಭೂಮಂಡಲದಲ್ಲೇ ಇಂಥದ್ದು ಇನ್ನೊಂದಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಪಕ್ಕದ ತಾಲ್ಲೂಕಿನಲ್ಲಿ ಒಂದಿತ್ತು, ಆದರೆ ಅದು ಭೂಮಂಡಲದ ಲೆಕ್ಕಕ್ಕೆ ಬರುವ ತಾಲ್ಲೂಕೇ ಅಲ್ಲ.

ಗಾಜಿನೂರು ಬಂದದ್ದು ನೆರವು ಕಾಯ್ದೆಯ ಜೊತೆಗೆ. ಅದಕ್ಕೂ ಮುಂಚೆ ಸರ್ಕಾರಗಳು ಸಬ್ಸಿಡಿಯನ್ನು ಮದುವೆಮನೆಯ ಅಕ್ಷತೆಯಂತೆ ಎರಚುತ್ತಿದ್ದವು. ಮುಂದಿನ ಸಾಲಿನಲ್ಲಿ ನಿಂತ ಬೀಗರ ತಲೆಯ ಮೇಲೆ ಅಷ್ಟೂ ಬೀಳುತ್ತಿತ್ತು. ಕಾಯ್ದೆ ಬಂದ ಮೇಲೆ ಯಾವ ವ್ಯಾಪಾರಕ್ಕೆ ಸರ್ಕಾರಿ ನೆರವು ಕೊಡಬೇಕಾದರೂ ನಾಲ್ಕು ಪ್ರಶ್ನೆಗೆ ಉತ್ತರ ಬೇಕು. ಇದರಿಂದ ಊರಿನ ಯಾವ ಕೊರತೆ ನೀಗುತ್ತದೆ? ನೆರವು ಕೊಡದಿದ್ದರೂ ಈ ಕೆಲಸ ಹೇಗೂ ಆಗುತ್ತಿತ್ತೇ? ಕೊಡುವುದು ಬೇಕಾದಷ್ಟೇ ಇದೆಯೇ? ಪಕ್ಕದ ಅಂಗಡಿಯವನ ಹೊಟ್ಟೆಯ ಮೇಲೆ ಹೊಡೆಯುತ್ತದೆಯೇ? ಎರಡನೆಯ ಪ್ರಶ್ನೆಯೇ ಎಲ್ಲರ ಪ್ರಾಣ ತಿನ್ನುವುದು. ನಡೆಯದೇ ಹೋದ ಸಂಗತಿಯನ್ನು ಯಾರು ನೋಡಿದ್ದಾರೆ? ಗಾಜಿನೂರು ನೋಡಿತ್ತು. ವಿದ್ಯುತ್ತು, ನೀರು, ಸಂತೆಯ ವಹಿವಾಟು, ಮೇಲಾಗಿ ವರ್ಷಕ್ಕೊಮ್ಮೆ ಗಣತಿದಾರರು ಮನೆಮನೆಗೆ ಹೋಗಿ ಊರವರ ಬಾಯಿಂದಲೇ ಕೇಳಿ ತಂದ ಮಾತು, ಇಷ್ಟನ್ನು ಅದಕ್ಕೆ ಉಣಿಸಿದರೆ ಎಲೆಅಡಿಕೆ ಮಡಚುವಷ್ಟರಲ್ಲಿ ಒಂದು ವರ್ಷವನ್ನು ಓಡಿಸಿ ತೋರಿಸುತ್ತಿತ್ತು: ಒಮ್ಮೆ ಸಬ್ಸಿಡಿ ಇಲ್ಲದ ಊರು, ಒಮ್ಮೆ ಇರುವ ಊರು.

ಇದರ ಒಡತಿ ಅನುದಾನ ಪರೀಕ್ಷಕಿ ಹುಲಿಗೆಮ್ಮ. ಅವಳು ಕನ್ನಡಕ ಮೇಲಕ್ಕೆ ಏರಿಸಿದರೆ ಸಾಕು, ಗುತ್ತಿಗೆದಾರರ ಅರ್ಜಿಗಳು ಮೇಜಿನಿಂದ ತಾವಾಗಿಯೇ ಹಿಂದಕ್ಕೆ ಸರಿಯುತ್ತಿದ್ದವು. ಇಂಥ ಹೆಣ್ಣುಮಗಳ ಮುಂದೆ ಸಂಕ್ರಾಂತಿ ಮುಗಿದ ವಾರ ಖಾಜಾಬಿ ಬಂದು ಒಂದು ಮಡಿಸಿದ ಬಟ್ಟೆಯನ್ನು ಧೊಪ್ಪೆಂದು ಹಾಕಿದಳು.

"ಮೇಡಂ, ಇದರ ಮ್ಯಾಲ ಕೈ ಇಡ್ರಿ."

ಹುಲಿಗೆಮ್ಮ ಇಟ್ಟಳು. ಬಾವಿಯೊಳಗೆ ಕೈ ಇಳಿಬಿಟ್ಟಂತಾಯಿತು.

"ದಾರ ಪೊಳ್ಳು ಅದಾವ್ರಿ. ಒಳಗ ಒಂದು ನಮೂನಿ ಉಪ್ಪು. ಬಿಸಿಲೇರಿದಂಗ ಉಪ್ಪು ಕರಗತೈತಿ, ಕರಗೂಮುಂದ ಶಾಖ ಕುಡೀತೈತಿ. ರಾತ್ರಿ ಗಟ್ಟಿ ಆಗಿ, ಕುಡಿದಿದ್ದೆಲ್ಲಾ ಆಕಾಶಕ್ಕ ಉಗುಳತೈತಿ. ಕರೆಂಟ್ ಬ್ಯಾಡ, ನೀರು ಬ್ಯಾಡ. ಸಂತೆಬೀದಿ ತುಂಬ ಇದನ್ನ ಚಪ್ಪರ ಹಾಕಿಬಿಟ್ರ ಕೆಳಗ ಕುಂತವರು ಸ್ವೆಟರ್ ಹಾಕ್ಕೋಬೇಕು."

"ಸ್ವೆಟರ್ ಮಾತು ಬಿಡವಾ. ಅಂಗಡಿಯವರೇ ಕೂಡಿ ಹಾಕಿಸ್ಕೊಳ್ಳಲಿ. ನಗರಸಭೆ ಯಾಕ ಕೊಡಬೇಕು?"

"ಒಬ್ರು ಹಾಕಿಸಿದ್ರ ಪಕ್ಕದ ಹತ್ತು ಮಂದಿ ಪುಕ್ಕಟೆ ಕುಂಡ್ರತಾರ. ಅದಕ್ಕ ಯಾರೂ ಹಾಕಿಸೂದಿಲ್ಲ. ನಾ ಎಲ್ಲಾರ ಕಾಲು ಹಿಡಿದು ನೋಡೀನ್ರಿ."

ಖಾಜಾಬಿ ಹುಬ್ಬಳ್ಳಿಯಲ್ಲಿ ರಸಾಯನಶಾಸ್ತ್ರ ಓದಿ ಬಂದು ನೇಕಾರಿಕೆಯ ಕಾರ್ಖಾನೆ ಇಟ್ಟವಳು. ಬಾಯಿ ಅವಳ ಮಗ್ಗಕ್ಕಿಂತ ಜೋರು. ಅವಳ ಹಿಂದೆಯೇ ಪಂಪಾಪತಿ ಬಂದ. ಸಂತೆಬೀದಿಯ ಮೂಲೆಯಲ್ಲಿ ದೊಡ್ಡ ಕೊಡೆಗಳನ್ನು ಬಾಡಿಗೆಗೆ ಕೊಡುವವನು. ಕೊಡೆಯ ಹಾಗೆಯೇ ಮೇಲೆ ಅಗಲ, ಕೆಳಗೆ ಸಣ್ಣ.

"ಸರ್ಕಾರದ ರೊಕ್ಕದಾಗ ಈಕಿ ಚಪ್ಪರ ಹಾಕಿದ್ರ ನನ್ನ ಕೊಡಿ ಯಾರು ಒಯ್ತಾರ?" ಎಂದ. "ಅಲ್ದ ಮೇಡಂ, ನಿಮ್ಮ ಅತ್ತಿ ಅದೇ ಬೀದ್ಯಾಗ ಕಾಯಿಪಲ್ಯ ಮಾರ್ತಾರ. ನೀವು ಹೆಂಗ ತೀರ್ಮಾನ ಮಾಡ್ತೀರಿ?"

ಮಾತು ಸರಿಯಾದದ್ದೇ. ಹುಲಿಗೆಮ್ಮ ಅಂದೇ ಆಯುಕ್ತರ ಹತ್ತಿರ ಹೋಗಿ ತನ್ನ ಅತ್ತೆಯ ವಿಷಯ ಹೇಳಿದಳು. ಆಯುಕ್ತರು ಟೇಬಲ್ ಫ್ಯಾನಿಗೆ ಮುಖ ಕೊಟ್ಟುಕೊಂಡೇ ಹೇಳಿದರು: "ಆ ಬೀದಿಯಲ್ಲಿ ಅತ್ತೆ, ಮಾವ, ಷಡ್ಡಕ ಯಾರೂ ಇಲ್ಲದ ಅಧಿಕಾರಿ ಬೇಕೆಂದರೆ ಚಂದ್ರಲೋಕದಿಂದ ತರಿಸಬೇಕಮ್ಮ. ಪರೀಕ್ಷೆ ಎಲ್ಲರ ಕಣ್ಣೆದುರು ಮಾಡು. ಸಹಿ ನಾನು ಹಾಕುತ್ತೇನೆ. ತಪ್ಪಾದರೆ ಮಾತ್ರ ನೆನಪಿಡು, ಕೊಟ್ಟದ್ದನ್ನು ಬಡ್ಡಿಸಮೇತ ಖಾಜಾಬಿಯಿಂದ ಕಕ್ಕಿಸಬೇಕಾಗುತ್ತದೆ. ಅವಳ ಮಗ್ಗ ಹರಾಜಿಗೆ ಬರುತ್ತದೆ."

ಹುಲಿಗೆಮ್ಮನಿಗೆ ಎದೆಯಲ್ಲಿ ಒಂದು ಮುಳ್ಳು ಮೊದಲಿನಿಂದಲೂ ಇತ್ತು. ಹೋದ ಬೇಸಿಗೆಯಲ್ಲಿ ಅತ್ತೆ ಅಮರಮ್ಮ ಬದನೆಕಾಯಿಯ ಗುಡ್ಡೆಯ ಮೇಲೆಯೇ ತಲೆತಿರುಗಿ ಬಿದ್ದಿದ್ದಳು. "ಇನ್ನೊಂದು ಬೇಸಿಗಿ ಬಯಲಾಗ ಕುಂತ್ರ ನಾ ಜವಾಬ್ದಾರ ಅಲ್ಲ" ಎಂದಿದ್ದರು ಡಾಕ್ಟರು. "ನೀ ಯಾವಾಗ ಜವಾಬ್ದಾರ ಇದ್ದಿ?" ಎಂದು ಅಮರಮ್ಮ ಎದ್ದು ಮತ್ತೆ ಸಂತೆಗೆ ಹೋಗಿದ್ದಳು. ಮನೆಯಲ್ಲಿ ಕೂರು ಎಂದರೆ ಕೂರುವವಳಲ್ಲ. ಯುಗಾದಿಯ ಒಳಗೆ ಬೀದಿಗೆ ನೆರಳಾಗಬೇಕು, ಇಲ್ಲದಿದ್ದರೆ ಈ ಮುದುಕಿಯನ್ನು ಬಿಸಿಲು ಒಯ್ಯುತ್ತದೆ. ಇಷ್ಟು ಗೊತ್ತಿದ್ದರಿಂದಲೇ ಹುಲಿಗೆಮ್ಮ, ಪರೀಕ್ಷೆಯಲ್ಲಿ ಕೂದಲೆಳೆಯಷ್ಟೂ ಸಡಿಲ ಬಿಡಬಾರದೆಂದು ಹಲ್ಲು ಕಚ್ಚಿದ್ದಳು.

ಮರುದಿನ ಖಾಜಾಬಿ, ಪಂಪಾಪತಿ ಇಬ್ಬರನ್ನೂ ತೊಟ್ಟಿಯ ಪಕ್ಕ ನಿಲ್ಲಿಸಿಕೊಂಡು ಅವಳು ಗುಂಡಿ ಒತ್ತಿದಳು. ಸಬ್ಸಿಡಿ ಇಲ್ಲದ ಕೆಂಡಗಲ್ಲು ಓಡತೊಡಗಿತು. ಶಿವರಾತ್ರಿ ಹೋಯಿತು, ಹೋಳಿ ಹೋಯಿತು, ಬೇಸಿಗೆ ಬಂತು.

ಮೂವರೂ ಬಾಯಿ ತೆರೆದು ನಿಂತರು. ಸಂತೆಬೀದಿ ಇಂದ್ರನ ಸಭೆಯಂತಿತ್ತು. ಸೊಪ್ಪು ಮಾರುವವರ ನೆತ್ತಿಯ ಮೇಲೆ ತಂಪಿನ ಡೇರೆ, ಚಮ್ಮಾರನ ಮುಂದೆ ನೀರಿನ ಕಾರಂಜಿ, ಸೋಡಾದಂಗಡಿಯ ಎದುರು ಹುಲ್ಲುಹಾಸು. ಅಮರಮ್ಮನ ಕಾಳು ಕೆಂಪು ಜರಿಯಂಚಿನ ಗುಡಾರದಲ್ಲಿ ಲೋಡಿಗೆ ಒರಗಿ ಕೂತಿತ್ತು. ಎರಡು ಫ್ಯಾನು ಅದಕ್ಕೆ ಗಾಳಿ ಬೀಸುತ್ತಿದ್ದವು. ತೊಟ್ಟಿಯ ಮೇಲೆ ತೀರ್ಪು ಮೂಡಿತು: ನೆರವಿಲ್ಲದೆಯೂ ಹೇಗೂ ಆಗುವ ಕೆಲಸ. ಕೊಟ್ಟರೆ ಕಾಯ್ದೆಗೆ ವಿರುದ್ಧ.

"ಇದು ಯಾವ ಊರ್ರೀ?" ಎಂದಳು ಖಾಜಾಬಿ.

"ಯಂತ್ರ ಸುಳ್ಳು ಹೇಳತೈತೇನು?" ಎಂದ ಪಂಪಾಪತಿ, ತಾನೇ ಅದನ್ನು ಹಡೆದವನಂತೆ. ಅದರಲ್ಲಿ ಅವನ ಕೊಡೆಯಂಗಡಿ ನಾಲ್ಕು ಅಂತಸ್ತಿನದಾಗಿತ್ತು.

ಹುಲಿಗೆಮ್ಮ ತಂತಿ, ಗುಂಡಿ, ಲೆಕ್ಕಾಚಾರ ಎಲ್ಲವನ್ನೂ ತಡಕಿ ನೋಡಿದಳು. ಯಂತ್ರದಲ್ಲಿ ದೋಷವಿರಲಿಲ್ಲ. ಉಣಿಸಿದ್ದನ್ನೇ ಉಂಡು ಅದರ ಮೇಲೆ ಊರು ಕಟ್ಟಿತ್ತು. ಹಾಗಾದರೆ ಉಣಿಸಿದ್ದರಲ್ಲೇ ಏನೋ ಆಗಿದೆ. ಏನು ಎಂಬುದು ಹೊಳೆಯದೆ, ಆ ಸಂಜೆ ಸಪ್ಪೆ ಮುಖ ಹೊತ್ತು ಮನೆಗೆ ಬಂದಳು.

ಮನೆಯ ಕಟ್ಟೆಯ ಮೇಲೆ ಸಿಂಧನೂರಿನ ಕಡೆಯ ಇಬ್ಬರು ಗಂಡಸರು ಚಹಾ ಕುಡಿಯುತ್ತಿದ್ದರು. ಎದುರು ಮನೆಯ ಹುಡುಗಿಗೆ ಸಂಬಂಧ ಕೇಳುವ ಮೊದಲು ಓಣಿಯಲ್ಲಿ ವಿಚಾರಿಸಿಕೊಂಡು ಹೋಗಲು ಬಂದವರು. ಅಮರಮ್ಮ ಸೆರಗು ಹೊದ್ದು ವಿವರಿಸುತ್ತಿದ್ದಳು.

"ಅವರ ಮನಿತನ ಏನು ಕೇಳ್ತೀರಿ ಬಿಡ್ರಿ. ಹಿತ್ತಲಾಗ ಬಾವಿ, ಬಾವ್ಯಾಗ ಬ್ಯಾಸಗ್ಯಾಗೂ ನೀರು. ಹುಡುಗಿ ಜ್ವಾಳದ ರೊಟ್ಟಿ ತಟ್ಟಿದ್ರ ಈ ಕಡಿಂದ ಆ ಕಡಿ ಕಾಣತೈತಿ. ಅಪ್ಪ ಒಂದಿನಾ ಜೋರು ದನಿ ತಗದವನಲ್ಲ."

ಎದುರು ಮನೆಗೆ ಹಿತ್ತಲೇ ಇರಲಿಲ್ಲ. ಆ ಅಪ್ಪನ ದನಿಗೆ ಕಾಗೆಗಳು ಊರು ಬಿಟ್ಟಿದ್ದವು. ಗಂಡಸರು ತೃಪ್ತಿಯಿಂದ ಎದ್ದು ಹೋದ ಮೇಲೆ ಹುಲಿಗೆಮ್ಮ ಕೇಳಿದಳು: "ಅತ್ತಿ, ಹಿಂಗ್ಯಾಕ ಸುಳ್ಳು ಹೇಳಿದ್ರಿ?"

"ಸುಳ್ಳೇನ ಬಂತು? ಗುರ್ತಿಲ್ಲದವರು ಬಂದು ಓಣಿ ಬಗ್ಗೆ ಕೇಳಿದ್ರ ಚಲೋದನ್ನ ಹೇಳ್ಬೇಕು. ನಾಳೆ ನಮ್ಮ ಮನಿಗೂ ಯಾರರ ಬರ್ತಾರ. ಆಗ ಅವರು ಹೇಳಬ್ಯಾಡೇನು?"

ಹುಲಿಗೆಮ್ಮ ಮೆಟ್ಟಿಲ ಮೇಲೆ ಕೂತೇಬಿಟ್ಟಳು. "ಹೋದ ವರ್ಷ ನಗರಸಭೆಯ ಗಣತಿಯವರು ಬಂದಿದ್ರಲ್ಲ. ಸಂತ್ಯಾಗ ನೆರಳಿಗೆ ಏನೈತಿ, ಮುಂದ ಏನು ಮಾಡಿಸ್ತೀರಿ ಅಂತ ಕೇಳಿದ್ರ, ಏನು ಹೇಳಿದ್ರಿ?"

"ಅವರೂ ಗುರ್ತಿಲ್ಲದವರ. ಇಸ್ತ್ರಿ ಅಂಗಿ ಹಾಕ್ಕೊಂಡಿದ್ರು. ಯಾವ ಮನಿಗೆ ಹೆಣ್ಣು ಕೇಳಾಕ ಬಂದಾರೋ ಏನೋ ಅಂತ, ಗುಡಾರ ಐತಿ, ಜರಿ ಅಂಚು, ಎರಡು ಫ್ಯಾನು ಅಂದೆ. ಎಲ್ಲಾರೂ ಹಂಗ ಅಂದಾರ. ಆ ಚಮ್ಮಾರ ದುರಗಪ್ಪ ಕಾರಂಜಿ ಅಂದ. ನಾ ಪಕ್ಕದಾಗ ಇದ್ದೆ, ಹೌದು ಅಂದೆ."

ಇಡೀ ಊರು ಒಂದೇ ಬಾಯಿಂದ ಯಂತ್ರಕ್ಕೆ ಸಂಬಂಧ ಕುದುರಿಸಿತ್ತು. ಯಂತ್ರ, ಪಾಪ, ಹೊಸ ಅಳಿಯನಂತೆ ಎಲ್ಲವನ್ನೂ ನಂಬಿತ್ತು.

ಕಾಯ್ದೆ ಹೇಳುವುದು ಊರವರ ಬಾಯಿಂದಲೇ ಕೇಳಬೇಕೆಂದು. ಮತ್ತೆ ಕೇಳಿದರೆ ಮತ್ತೆ ಗುಡಾರ. ಹುಲಿಗೆಮ್ಮ ಎರಡು ದಿನ ಅನ್ನದ ರುಚಿ ತಿಳಿಯದೆ ಯೋಚಿಸಿ, ಕೊನೆಗೆ ಗಣತಿದಾರರ ಇಸ್ತ್ರಿ ಅಂಗಿ ಬಿಚ್ಚಿಸಿ ಹಳೇ ಬಟ್ಟೆ ತೊಡಿಸಿ ಕಳಿಸಿದಳು. ಪ್ರಶ್ನೆ ಒಂದೇ: "ನಮ್ಮನ್ಯಾಗ ಕಾರ್ಯ ಐತಿ. ನಿಮ್ಮ ಕೊಡಿ, ಫ್ಯಾನು, ಡೇರೆ ಏನಿದ್ರೂ ಒಂದಿನಕ್ಕ ಕೊಡ್ತೀರೇನು?" ಎರವಲು ಕೇಳಿ ಬಂದವರ ಮುಂದೆ ಯಾರು ಬಡಾಯಿ ಕೊಚ್ಚುತ್ತಾರೆ? ತನ್ನ ಈ ಉಪಾಯಕ್ಕೆ ತಾನೇ ಮೆಚ್ಚಿ ಅವಳು ಆ ದಿನ ಆಫೀಸಿಗೆಲ್ಲ ಮಿರ್ಚಿ ಭಜಿ ತರಿಸಿದಳು.

ಗಣತಿ ಬಂತು. ಉಣಿಸಿದಳು. ಓಡಿಸಿದಳು. ಈ ಸಲ ಗಾಜಿನೂರಿನಲ್ಲಿ ಒಂದು ಕೊಡೆಯಿಲ್ಲ, ಮಡಕೆಯಿಲ್ಲ, ಕೆಲವು ಮನೆಗಳಿಗೆ ಮಾಳಿಗೆಯೂ ಇಲ್ಲ. ಪಂಪಾಪತಿಯ ಅಂಗಡಿಯಲ್ಲಿ ಒಂದು ಮುರಿದ ಕಡ್ಡಿ ಮಾತ್ರ ಉಳಿದಿತ್ತು. ಜನ ಅಷ್ಟು ಬಡವರಾಗಿದ್ದರೆಂದರೆ ಕಳ್ಳರೇ ಕರಗಿ ಮನೆಮನೆಗೆ ಅಕ್ಕಿ ಹಾಕಿ ಹೋಗುತ್ತಿದ್ದರು. ತೀರ್ಪು ಮೂಡಿತು: ಇಡೀ ಊರಿಗೆ, ಹೊಲಗದ್ದೆಗೆ, ರಾಯಚೂರಿನ ಹೆದ್ದಾರಿಯವರೆಗೆ ಚಪ್ಪರ ಹಾಕಲು ನೆರವು ಕೊಡತಕ್ಕದ್ದು.

ಖಾಜಾಬಿಯ ಮುಖ ಹೋಳಿಗೆಯಂತೆ ಉಬ್ಬಿತು. "ಯಂತ್ರನ ಹೇಳಿದ ಮ್ಯಾಲ ಕೊಟ್ಟುಬಿಡ್ರಿ ಮೇಡಂ. ಹೆದ್ದಾರಿ ತನಕ ಬಟ್ಟಿ ನೇಯ್ಯೂದು ನನಗ ಎಡಗೈ ಕೆಲಸ."

ಹುಲಿಗೆಮ್ಮನ ಕೈ ಒಂದು ಕ್ಷಣ ಕಾಗದದ ಕಡೆಗೆ ಹೋದದ್ದು ಸುಳ್ಳಲ್ಲ. ಯುಗಾದಿ ಹತ್ತಿರ ಬಂದಿತ್ತು. ಆಯುಕ್ತರಿಗೆ ಕಳಿಸಿದರೆ ಸಂಜೆಗೆ ಸಹಿ ಆಗುತ್ತದೆ, ಅತ್ತೆಯ ನೆತ್ತಿ ತಣ್ಣಗಾಗುತ್ತದೆ. ಆದರೆ ಪಂಪಾಪತಿ, ನೆರವಿನ ತಕರಾರು ಕೇಳುವ ನ್ಯಾಯಮಂಡಳಿಯ ಕಟ್ಟೆ ಹತ್ತಿ "ಈ ಊರಾಗ ಮಡಕಿ ಇಲ್ಲೇನ್ರಿ?" ಎಂದು ಒಂದೇ ಮಾತು ಕೇಳಿದರೆ ಮುಗಿಯಿತು, ಖಾಜಾಬಿಯ ಮಗ್ಗವೂ ಹೋಗುತ್ತದೆ, ಚಪ್ಪರವೂ ಹೋಗುತ್ತದೆ.

"ಇಲ್ಲವಾ," ಎಂದಳು. "ಕೊಟ್ರ ನಿಲ್ಲೂವಂಗ ಕೊಡ್ಬೇಕು."

ಒಬ್ಬೊಬ್ಬರನ್ನೇ ಕೇಳಿದರೆ ಏರಿಸುತ್ತಾರೆ ಇಲ್ಲವೆ ಇಳಿಸುತ್ತಾರೆ. ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿದರೆ? ಅವಳು ಸಂತೆಯ ರಜೆಯ ದಿನ ಇಡೀ ಬೀದಿಯನ್ನೇ ನೆಲಮಾಳಿಗೆಗೆ ಕರೆಸಿದಳು. ಜನ ಎಷ್ಟು ಬಂದರೆಂದರೆ ಕಟ್ಟಡ ಒಂದು ಗೇಣು ಮೇಲೆದ್ದು ಮತ್ತೆ ಕೂತಿತು. ಮೊದಲ ಗಣತಿಯ ವೈಭವದ ಊರನ್ನು ತೊಟ್ಟಿಯಲ್ಲಿ ಬೆಳಗಿಸಿ ಹೇಳಿದಳು: "ಇದು ನೀವು ಹೇಳಿದ ಊರು. ಇಲ್ಲಿ ಯಾರೂ ಗುರ್ತಿಲ್ಲದವರಿಲ್ಲ, ಯಾರೂ ಎರವಲು ಕೇಳೂದಿಲ್ಲ. ತಪ್ಪಿದ್ದದ್ದನ್ನ ನೀವ ತಿದ್ರಿ."

ಸ್ವಲ್ಪ ಹೊತ್ತು ಎಲ್ಲರೂ ತಂತಮ್ಮ ಕಾಳುಗಳ ಐಶ್ವರ್ಯವನ್ನು ಕಣ್ತುಂಬ ನೋಡಿದರು. ಆಮೇಲೆ ಸೋಡಾದವನು ಹಿಂದಿನಿಂದ ಅಂದ: "ದುರಗ್ಯಾ, ನಿನ್ನ ಕಾರಂಜಿ ಎಲ್ಲೈತೋ? ನಮಗೂ ಒಂದು ಚೂರು ತೋರಸು."

"ನಿನ್ನ ಹುಲ್ಲುಹಾಸಿನ್ಯಾಗ ಐತಿ," ಎಂದ ದುರಗಪ್ಪ. "ಅಲ್ಲಿ ಎಮ್ಮಿ ಮೇಯಾಕತ್ತಾವ, ಹೊಡದು ಬಾ."

ನೆಲಮಾಳಿಗೆ ನಗೆಯಿಂದ ನಡುಗಿತು. ಅಲ್ಲಿಂದ ಮುಂದೆ ಯಾರನ್ನೂ ಕೇಳಬೇಕಾಗಲಿಲ್ಲ. ಸೊಪ್ಪಿನವಳು ಸೋಡಾದವನ ಹುಲ್ಲು ಕೀಳಿಸಿದಳು, ಸೋಡಾದವನು ಅವಳ ಡೇರೆ ಹರಿದ. ಒಬ್ಬ ತನ್ನ ಹತ್ತಿರ ಏನೂ ಇಲ್ಲವೆಂದು ಗೋಳಾಡಿದರೆ ಪಕ್ಕದವನು, "ಮೊನ್ನೆ ತಂದ ಹೊಸ ಕೊಡಿ ನಿಮ್ಮಪ್ಪ ಬಂದು ಹೊತಗೊಂಡು ಹೋದ್ನೇನು?" ಎಂದ. ಎದುರಿಗೆ ಓರಗೆಯವರು ನಿಂತಾಗ ಏರಿಸಲಿಕ್ಕೂ ಆಗದು, ಇಳಿಸಲಿಕ್ಕೂ ಆಗದು. ಹುಲಿಗೆಮ್ಮ ಒಂದೊಂದನ್ನೂ ಒತ್ತುತ್ತಾ ಹೋದಳು. ಕೊನೆಗೆ ಜರಿಯಂಚಿನ ಗುಡಾರ ಒಂದೇ ಉಳಿಯಿತು. ಅಧಿಕಾರಿಯ ಅತ್ತೆಯದೆಂದು ಯಾರೂ ಅದರ ತಂಟೆಗೆ ಹೋಗಲಿಲ್ಲ.

ಅಮರಮ್ಮ ತನ್ನ ಕಾಳನ್ನು ಒಂದು ಸಲ ನೋಡಿದಳು. "ತಗೀಯವಾ ಹುಲಿಗಿ. ಹರಕ ಕೊಡಿ ಐತಿ, ಅದೂ ಪಂಪಾಪತೀದು, ಬಾಡಿಗಿ."

ಗುಡಾರ ಆರಿತು. ಹುಲಿಗೆಮ್ಮ ವರ್ಷವನ್ನು ಓಡಿಸಿದಳು.

ಹೋಳಿಯವರೆಗೂ ಬೀದಿ ಗಿಜಿಗುಡುತ್ತಿತ್ತು. ಬಿಸಿಲೇರಿದಂತೆ ಕಾಳುಗಳು ಒಂದೊಂದೇ ಕದಲಿದವು. ಸೊಪ್ಪಿನವಳು ಹೋದಳು, ಸೋಡಾದವನು ಬಾಗಿಲು ಎಳೆದ, ದುರಗಪ್ಪನ ಜಾಗ ಬಯಲಾಯಿತು. ನಡುಬೀದಿಯಲ್ಲಿ ಒಂದೇ ಒಂದು ಕಾಳು ಕೂತಿತ್ತು. ಬಹಳ ಹೊತ್ತು ಕೂತಿತ್ತು. ಆಮೇಲೆ ಬುಟ್ಟಿಯೆತ್ತಿಕೊಂಡು ಎದ್ದು, ಸಾವಕಾಶ ನಡೆದು ಮನೆ ಸೇರಿತು. ಮಳೆಗಾಲ ಬಂದಾಗ ಉಳಿದವರು ಮರಳಿದರು. ಆ ಕಾಳು ಮರಳಲಿಲ್ಲ.

ಹುಲಿಗೆಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

"ನಾ ಸಂತಿ ಬಿಡ್ತೀನಂತೇನು?" ಎಂದಳು ಅಮರಮ್ಮ. ದನಿಯಲ್ಲಿ ಸಿಟ್ಟಿತ್ತು, ಆದರೆ ಎಂದಿನ ಗತ್ತಿರಲಿಲ್ಲ.

ತೀರ್ಪು ಮೂಡಿತು: ನೆರವಿಲ್ಲದೆ ಆಗದ ಕೆಲಸ.

ಈಗ ಸಬ್ಸಿಡಿ ಇರುವ ಊರು. ಖಾಜಾಬಿ ಕೇಳಿದಷ್ಟನ್ನೂ ಹಾಕಿ ಓಡಿಸಿದರೆ ಬೀದಿ ತಣ್ಣಗೆ ತುಂಬಿತ್ತು, ಆದರೆ ಬಸ್‌ಸ್ಟ್ಯಾಂಡಿನವರೆಗೆ ಹಾಸಿದ ಚಪ್ಪರದ ಕೆಳಗೆ ಪಂಪಾಪತಿಯ ಅಂಗಡಿ ಕತ್ತಲಾಗಿತ್ತು. ಅವನು ಬೆರಳು ಮಾಡಿ ತೋರಿಸಿದ. "ನೋಡ್ರಿ. ನಾ ಅಂದಿದ್ದಿಲ್ಲೇನು?"

"ಬಸ್‌ಸ್ಟ್ಯಾಂಡಿಗೆ ಚಪ್ಪರ ಯಾಕವಾ ಖಾಜಾಬಿ?" ಹುಲಿಗೆಮ್ಮ ಕೇಳಿದಳು. "ಅಲ್ಲಿ ಮಾಳಿಗಿ ಐತಲ್ಲ."

"ಚಂದ ಕಾಣತೈತಿ ಅಂತ್ರಿ."

"ಚಂದಕ್ಕ ಕಾಯ್ದೆ ಕೊಡೂದಿಲ್ಲ."

ಅವಳು ಬಟ್ಟೆಗೆ ಕತ್ತರಿ ಹಾಕುತ್ತಾ ಹೋದಳು. ಬಸ್‌ಸ್ಟ್ಯಾಂಡು ಬಿಟ್ಟುಹೋಯಿತು, ಅಡ್ಡಬೀದಿಗಳು ಬಿಟ್ಟುಹೋದವು, ಸಂತೆಬೀದಿಯ ಸೊಪ್ಪು ಕಾಯಿಪಲ್ಯದ ಸಾಲು ಮಾತ್ರ ಉಳಿಯಿತು. ಪ್ರತಿ ಸಲ ಕತ್ತರಿಸಿದಾಗಲೂ ಖಾಜಾಬಿ ತನ್ನ ಕಿವಿ ಕೊಯ್ದಂತೆ ಮುಖ ಮಾಡಿದಳು. ಕಂಬ, ಹಗ್ಗ, ಬಿಚ್ಚಿಕಟ್ಟುವ ಕೆಲಸವನ್ನು ಯಾರು ಬೇಕಾದರೂ ಗುತ್ತಿಗೆಗೆ ಕೇಳಬಹುದು ಎಂದು ಷರತ್ತು ಬಂತು. ಖಾಜಾಬಿಯದಕ್ಕಿಂತ ಒಳ್ಳೆಯ ಬಟ್ಟೆ ತಂದವರೂ ಬರಬಹುದು ಎಂದು ಇನ್ನೊಂದು. ಮತ್ತೆ ಓಡಿಸಿದಾಗ ಪಂಪಾಪತಿಯ ಅಂಗಡಿ ಮಿಣುಕುತ್ತಿತ್ತು, ಮೊದಲಿಗಿಂತ ಸಣ್ಣಗೆ, ಆದರೆ ಮಿಣುಕುತ್ತಿತ್ತು. ಬೀದಿಯ ನಡುವಿನ ಕಾಳು ಬೇಸಿಗೆಯಿಡೀ ಕೂತಲ್ಲೇ ಕೂತು ಯಾರೊಂದಿಗೋ ಜಗಳವಾಡುತ್ತಿತ್ತು.

ಆಯುಕ್ತರು ಸಹಿ ಹಾಕಿದರು. ಖಾಜಾಬಿಯದಕ್ಕಿಂತ ಒಳ್ಳೆಯ ಬಟ್ಟೆ ಮೂರು ಲೋಕದಲ್ಲೂ ಸಿಗಲಿಲ್ಲ, ಯಾರೂ ತರಲಿಲ್ಲ. ಯುಗಾದಿಯ ಮುನ್ನಾದಿನ ಚಪ್ಪರ ಏರಿತು. ಸಿಟ್ಟು ಇಳಿಯದ ಪಂಪಾಪತಿ ಕಂಬದ ಕೆಲಸಕ್ಕೆ ಕೈ ಹಚ್ಚಲಿಲ್ಲ. ನೆರವು ಪ್ರಕಟವಾದ ದಿನದಿಂದ ಒಂದು ತಿಂಗಳು ಯಾರು ಬೇಕಾದರೂ ನ್ಯಾಯಮಂಡಳಿಗೆ ಆಕ್ಷೇಪಣೆ ಕೊಡಬಹುದು. ಕೊಡುತ್ತೇನೆ ಎಂದು ಅವನು ಊರಿಗೆಲ್ಲ ಸಾರಿದ್ದ. ಗೆದ್ದರೆ ಚಪ್ಪರ ಕೆಳಗಿಳಿಯುತ್ತದೆ. ಹುಲಿಗೆಮ್ಮ ದಿನಾ ಬೆಳಿಗ್ಗೆ ನ್ಯಾಯಮಂಡಳಿಯ ಗುಮಾಸ್ತನಿಗೆ ಫೋನು ಮಾಡಿ ಕೇಳುತ್ತಿದ್ದಳು. ಇನ್ನೂ ಬಂದಿಲ್ಲ ಎನ್ನುತ್ತಿದ್ದ.

ಗಡುವಿನ ಕೊನೆಯ ದಿನ ಮಧ್ಯಾಹ್ನ ಊಟದ ಬುತ್ತಿ ಕೊಡಲು ಅವಳು ಸಂತೆಗೆ ಹೋದಳು. ಹೊರಗೆ ಬಿಸಿಲು ರಸ್ತೆಯ ಡಾಂಬರನ್ನು ಪಾಯಸ ಮಾಡಿತ್ತು. ಚಪ್ಪರದ ಕೆಳಗೆ ಕಾಲಿಟ್ಟರೆ ಬೇರೆ ರಾಜ್ಯ. ಅಮರಮ್ಮ ಬದನೆಕಾಯಿಯ ಹಿಂದೆ ಮಹಾರಾಣಿಯ ಹಾಗೆ ಕೂತಿದ್ದಳು. ಅವಳ ಪಕ್ಕ ಖಾಲಿ ಚೀಲಗಳ ಮೇಲೆ ಪಂಪಾಪತಿ ಉದ್ದಕ್ಕೆ ಮಲಗಿ ಗೊರಕೆ ಹೊಡೆಯುತ್ತಿದ್ದ. ಎದೆಯ ಮೇಲೆ ಆಕ್ಷೇಪಣೆಯ ಕಾಗದ. ಗೊರಕೆಗೆ ಅದು ಏಳುತ್ತಾ ಬೀಳುತ್ತಾ ಇತ್ತು.

"ನ್ಯಾಯಮಂಡಳಿಗೆ ಹೊಂಟಿದ್ದ," ಅಮರಮ್ಮ ಪಿಸುಗುಟ್ಟಿದಳು. "ಒಂದು ಗಳಿಗಿ ಕುಂತು ಹೋಗ್ತೀನಿ ಅಂದ. ಎಬ್ಬಸಬ್ಯಾಡ. ಹೊತ್ತು ಮುಳುಗಲಿ."

ಹುಲಿಗೆಮ್ಮ ಅತ್ತೆಯ ಮುಖ ನೋಡಿದಳು. ಬೆವರಿಲ್ಲದ ಮುಖ. ಕಚೇರಿ ಮುಚ್ಚಲು ಇನ್ನೂ ಸಮಯವಿತ್ತು. ಅವಳು ಬುತ್ತಿ ಕೆಳಗಿಟ್ಟು, ಬಗ್ಗಿ, ಅವನ ಭುಜ ಅಲುಗಿಸಿದಳು.

"ಪಂಪಣ್ಣಾ, ಏಳ್ರಿ. ಆಕ್ಷೇಪಣೆ ಕೊಡೂದು ಇವತ್ತ ಕೊನೀ ದಿನ. ಆಮ್ಯಾಲೆ ಯಾರೂ ಎಬ್ಬಿಸಲಿಲ್ಲ ಅನಬ್ಯಾಡ್ರಿ."

"ನಿನಗ ಬುದ್ಧಿ ಐತೇನು?" ಎಂದಳು ಅಮರಮ್ಮ.

ಪಂಪಾಪತಿ ಒಂದು ಕಣ್ಣು ತೆರೆದ. ಹುಲಿಗೆಮ್ಮನನ್ನು ನೋಡಿದ, ಕಾಗದ ನೋಡಿದ. ಕತ್ತೆತ್ತಿ ಬೀದಿಯ ತುದಿಗೆ, ಚಪ್ಪರ ಮುಗಿಯುವಲ್ಲಿ ಬೆಳ್ಳಗೆ ಉರಿಯುತ್ತಿದ್ದ ಬಿಸಿಲನ್ನು ನೋಡಿದ. ಅದನ್ನು ದಾಟಿ ನ್ಯಾಯಮಂಡಳಿ ಇತ್ತು.

"ಇಷ್ಟು ಬಿಸಿಲಾಗ ಯಾವ ಮಗ ಹೋಗ್ತಾನ್ರಿ," ಎಂದವನೇ ಕಾಗದವನ್ನು ಮಡಚಿ ತಲೆಯ ಕೆಳಗಿಟ್ಟುಕೊಂಡು ಆ ಮಗ್ಗುಲಿಗೆ ತಿರುಗಿ ಮಲಗಿದ.